ಕೊನೆಯ ಅಕ್ಷರದ ಬಲಮೀಸೆ

"ಭಾಳ ಧೈರ್ಯ ಮಾಡಿದ್ರಿ, ಚಾಚಾ," ಎಂದು ಶಹಾಬಾದ್ ಸ್ಟೇಷನ್ ಎದುರಿನ ಚಹಾದಂಗಡಿಯ ಸಿದ್ಧಲಿಂಗ ಕಪ್ಪು ಮುಂದಿಡುತ್ತ ಅಂದಾಗ ಸಿರಾಜುದ್ದೀನ ಹಿಂದೆ ತಿರುಗಿ ನೋಡಿದ. ಆ ಮಾತು ತನಗಲ್ಲ, ಬೆನ್ನ ಹಿಂದೆ ನಿಂತ ಬೇರೆ ಯಾರಿಗೋ ಇರಬೇಕು ಅಂದುಕೊಂಡಿದ್ದ. ಬೆನ್ನ ಹಿಂದೆ ಯಾರೂ ಇರಲಿಲ್ಲ. ಅರವತ್ತೊಂದು ವರ್ಷ ಬಾಳಿದ ಮನುಷ್ಯನಿಗೆ ಧೈರ್ಯವಂತ ಎಂದು ಮೊದಲ ಸಲ ಯಾರೋ ಅಂದಿದ್ದರು, ಅದೂ ಬೆಳಗಿನ ಏಳೂವರೆಗೆ.

ಸಿರಾಜುದ್ದೀನನ ಪುಕ್ಕಲುತನ ಊರಿಗೇ ಗೊತ್ತು. ನಾಯಿಗೆ ಅಂಜುತ್ತಾನೆ, ಸಿಡಿಲಿಗೆ ಅಂಜುತ್ತಾನೆ, ಖಾಕಿ ಅಂಗಿ ತೊಟ್ಟವನು ಅಂಚೆಯವನಾದರೂ ಎದ್ದು ನಿಂತು ಸಲಾಮು ಹೊಡೆಯುತ್ತಾನೆ. ಅಂಗಡಿ ಬೋರ್ಡು, ಗೋಡೆ ಬರೆಯುವುದು ಅವನ ಹೊಟ್ಟೆಪಾಡು. ಆ ಕಸುಬಿನವನು ಏಣಿಗೆ ಅಂಜುತ್ತಾನೆ ಎಂದರೆ ನಗಬೇಕೋ ಅಳಬೇಕೋ ನೀವೇ ಹೇಳಿ. ನಾಲ್ಕನೇ ಮೆಟ್ಟಿಲು ದಾಟಿದರೆ ಏಣಿಯನ್ನೇ ತಬ್ಬಿಕೊಳ್ಳುತ್ತಾನೆ. ಅದಕ್ಕೇ ಅವನು ಬರೆದ ಹೆಸರುಗಳು ಶಹಾಬಾದಿನಲ್ಲಾಗಲಿ, ವಾಡಿಯಲ್ಲಾಗಲಿ, ಚಿತ್ತಾಪುರದಲ್ಲಾಗಲಿ ಆಳೆತ್ತರ ಮೀರಿ ಹೋದದ್ದಿಲ್ಲ.

"ನಾ ಏನ್ ಧೈರ್ಯ ಮಾಡೀನೋ, ತಮ್ಮಾ?" ಎಂದ.

"ವಾಡಿಯಾಗ ಗ್ವಾಡಿಗ್ವಾಡಿಗೆ ಹಚ್ಚೀರಲ್ರಿ. ಮಂದಿ ನಿಂತು ಓದಾಕತ್ತಾರ. ನೋಡ್ರಿ, ನನಗೂ ಬಂದದ."

ಸಿದ್ಧಲಿಂಗ ಮೊಬೈಲು ಹಿಡಿದು ತೋರಿಸಿದ. ಹಳದಿ ಕಾಗದದ ಮೇಲೆ ಕಪ್ಪು ಅಕ್ಷರ. "ಕಲ್ಯಾಣಪ್ಪ, ಬೇಲಿ ಮೊದಲು ಹಾಕಿದೆಯೋ, ಹೆಣ ತೆಗೆದ ಮೇಲೆ ಹಾಕಿದೆಯೋ?" ಅಷ್ಟೇ. ಕೆಳಗೆ ಹೆಸರಿಲ್ಲ, ಊರಿಲ್ಲ. ಆದರೆ ಹೆಸರು ಬೇಕಾಗಿಯೂ ಇರಲಿಲ್ಲ, ಏಕೆಂದರೆ ಅಕ್ಷರಗಳು ಸಿರಾಜುದ್ದೀನನವು. ತನ್ನ ಮಕ್ಕಳನ್ನು ಜಾತ್ರೆಯಲ್ಲಿ ಗುರುತಿಸಿದಷ್ಟು ಸಲೀಸಾಗಿ ಅವನು ಅವನ್ನು ಗುರುತಿಸಿದ. ಕೈಯಲ್ಲಿದ್ದ ಚಹಾ ಲುಂಗಿಯ ಮೇಲೆ ಚೆಲ್ಲಿತು. ಬಿಸಿ ತಾಗಿದ್ದು ಅವನಿಗೆ ಗೊತ್ತಾಗಲಿಲ್ಲ.

ಕಲ್ಯಾಣಪ್ಪ ವಾಡಿಯ ಕಡೆಯ ಕಲ್ಲು ಗಣಿಗಳ ಮಾಲೀಕ. ಅವನ ಗಣಿಯೊಂದರಲ್ಲಿ ಕಲ್ಲು ತೆಗೆದು ಬಿಟ್ಟ ಹೊಂಡವಿದೆ, ಮಳೆನೀರು ತುಂಬಿ ಕೆರೆಯಂತಾಗಿದೆ. ಮೂರು ತಿಂಗಳ ಹಿಂದೆ ಲಕ್ಷ್ಮಿ ಎಂಬ ಹತ್ತೊಂಬತ್ತರ ಹುಡುಗಿ ಅಲ್ಲಿ ಬಟ್ಟೆ ಒಗೆಯಲು ಹೋಗಿ ಜಾರಿ ಸತ್ತಳು. ಬೇಲಿ ಮೊದಲೇ ಇತ್ತು, ಹುಡುಗಿ ದಾಟಿ ಹೋದಳು ಎಂದು ಕಲ್ಯಾಣಪ್ಪ ವಿಚಾರಣೆಗೆ ಬಂದವರ ಮುಂದೆ ಹೇಳಿದ. ಬೇಲಿಯ ತಂತಿ ಇನ್ನೂ ಹೊಸದಾಗಿ ಹೊಳೆಯುತ್ತಿತ್ತು. ಎಲ್ಲರೂ ನೋಡಿದರು, ಯಾರೂ ಬಾಯಿ ಬಿಡಲಿಲ್ಲ. ಅದಕ್ಕೂ ಕಾರಣವಿತ್ತು. ಹಿಂದೊಮ್ಮೆ ಅವನ ಮೇಲೆ ತಕರಾರು ಅರ್ಜಿ ಬರೆದುಕೊಟ್ಟ ಗುಮಾಸ್ತನೊಬ್ಬನ ಬಲಗೈ ಮೇಲೆ ವಾರದೊಳಗೆ ನೆಲಕ್ಕೆ ಹಾಸುವ ಫರಸಿ ಕಲ್ಲು ಬಿದ್ದಿತ್ತು. ಕಲ್ಲು ತಾನಾಗಿ ಜಾರಿತಂತೆ. ಆ ಗುಮಾಸ್ತ ಇವತ್ತಿಗೂ ಇದೇ ಅಂಗಡಿಯಲ್ಲಿ ಎಡಗೈಯಿಂದ ಚಹಾ ಕುಡಿಯುತ್ತಾನೆ.

ಸಿರಾಜುದ್ದೀನ ತನ್ನ ಬಲಗೈ ನೋಡಿಕೊಂಡ. ಆಮೇಲೆ ಅದನ್ನು ಅಂಗಿಯ ಜೇಬಿನೊಳಗೆ ಇಟ್ಟುಕೊಂಡು, ಎಡಗೈಯಿಂದ ಕಪ್ಪು ಕೆಳಗಿಟ್ಟು ಮನೆಗೆ ನಡೆದ. "ನಾ ಬರದಿಲ್ಲೋ," ಎಂದು ಹೋಗುವಾಗ ಹೇಳಿದ. ಸಿದ್ಧಲಿಂಗ ಕಣ್ಣು ಹೊಡೆದು, "ಆಯ್ತ್ ಬಿಡ್ರಿ, ನಾ ಯಾರ ಮುಂದೂ ಅನ್ನಲ್ಲ," ಅಂದ. ನಂಬಿದವನ ಮುಂದೆ ಆಣೆ ಮಾಡಿದರೂ ಅಷ್ಟೇ, ಗೋಡೆ ಮುಂದೆ ಆಣೆ ಮಾಡಿದರೂ ಅಷ್ಟೇ.

ಆ ಅಕ್ಷರಗಳ ಕತೆಯನ್ನು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಜನ ಅವನ್ನು ಮೀಸೆ ಅಕ್ಷರ ಅನ್ನುತ್ತಾರೆ. ಒಂದೊಂದು ಅಕ್ಷರಕ್ಕೂ ಎಡಕ್ಕೊಂದು ಬಲಕ್ಕೊಂದು ತುದಿ ಹುರಿಗೊಂಡು ಮೇಲೆದ್ದಿರುತ್ತದೆ, ಪೈಲವಾನನ ಮೀಸೆಯ ಹಾಗೆ. ಹುಟ್ಟಿದ್ದೂ ತಾಲೀಮಿನ ಮನೆಯಲ್ಲೇ, ಕುಸ್ತಿಯ ಗರಡಿಯಲ್ಲೇ. ಸಿರಾಜುದ್ದೀನನ ಉಸ್ತಾದ್ ಶಾಹನವಾಜ ಹಿಂದೆ ಒಂದು ತಾಲೀಮಿನ ಬಾಗಿಲ ಮೇಲೆ ಹೆಸರು ಬರೆಯುವಾಗ, ಪೈಲವಾನರನ್ನು ನಗಿಸಲೆಂದು ಮೀಸೆ ಎಳೆದನಂತೆ. ನಗು ಊರಿಗೆಲ್ಲ ಹಬ್ಬಿತು. ಸೈಕಲ್ ಅಂಗಡಿ, ಬ್ಯಾಂಡಿನವರ ಡೋಲು, ಮಿಠಾಯಿ ಗಾಡಿ, ಮದುವೆ ಮನೆಯ ಗೋಡೆ, ಲಾರಿಯ ಬೆನ್ನು, ಹೆಣ್ಣುಮಗಳು ಗಂಡನ ಮನೆಗೆ ಒಯ್ಯುವ ತಗಡಿನ ಪೆಟ್ಟಿಗೆ, ಎಲ್ಲದಕ್ಕೂ ಮೀಸೆ ಬಂತು. ಶಾಲೆಯ ಮಾಸ್ತರೊಬ್ಬರು ಇದು ಕನ್ನಡವೋ ಕುಸ್ತಿಯೋ ಎಂದು ಬೈದರು. ಅವರ ಮಗಳ ಮದುವೆ ಬಂದಾಗ ಅವರ ಮನೆ ಗೋಡೆಗೂ ಮೀಸೆಯೇ ಬೇಕಾಯಿತು.

ಆದರೆ ಅದಕ್ಕೆ ಕಟ್ಟುಪಾಡಿತ್ತು. ಗೋರಿಯ ಕಲ್ಲಿಗೆ ಮೀಸೆ ಇಲ್ಲ, ದವಾಖಾನೆಗೆ ಇಲ್ಲ, ಬೈಗುಳಕ್ಕಂತೂ ಇಲ್ಲವೇ ಇಲ್ಲ. ಆ ಅಕ್ಷರಗಳಿಗೆ ಸಿಟ್ಟು ಮಾಡಲು ಬರುವುದಿಲ್ಲ, ಸಿಟ್ಟಿನ ಮಾತು ಬರೆದರೆ ಗೇಲಿ ಮಾಡಿದಂತೆ ಕಾಣುತ್ತದೆ. ಕಲ್ಯಾಣಪ್ಪನನ್ನು ಕೇಳಿದ ಪ್ರಶ್ನೆಯೂ ಹಾಗೇ ಕಾಣುತ್ತಿತ್ತು. ಸಾದಾ ಅಕ್ಷರದಲ್ಲಿದ್ದರೆ ಅವನು ಬರೀ ಸಿಟ್ಟಾಗುತ್ತಿದ್ದ. ಮೀಸೆ ತಿರುವಿಕೊಂಡು ಕೇಳಿದ್ದರಿಂದ ಊರು ನಕ್ಕಿತು, ಮತ್ತು ನಕ್ಕದ್ದನ್ನು ಅವನು ಮರೆಯುವವನಲ್ಲ.

ಇನ್ನೊಂದು ಕಟ್ಟುಪಾಡಿತ್ತು. ಯಾವ ಬೋರ್ಡು ಬರೆದರೂ ಕೊನೆಯ ಅಕ್ಷರದ ಬಲಮೀಸೆಯನ್ನು ಪೇಂಟರ್ ಎಳೆಯಬಾರದು. ಬ್ರಶ್ಶನ್ನು ಮಾಲೀಕನ ಕೈಗೆ ಕೊಡಬೇಕು. ಅವನೋ ಅವನ ಹೆಂಡತಿಯೋ ತಾಯಿಯೋ, ಆ ಒಂದು ಎಳೆ ಎಳೆಯಬೇಕು. "ಪೂರಾ ಮಾಡಿ ಕೊಡಬ್ಯಾಡ. ಪೂರಾ ಮಾಡಿದ್ರ ಅದು ನಿನ್ನ ಮಾತಾಗ್ತದ. ಅವರ ಕೈ ಬಿದ್ರ ಅವರ ಮಾತಾಗ್ತದ," ಎನ್ನುತ್ತಿದ್ದ ಉಸ್ತಾದ್. ಹಾಗಾಗಿ ಈ ಸೀಮೆಯ ಮೀಸೆ ಬೋರ್ಡುಗಳೆಲ್ಲ ಕೊನೆಯಲ್ಲಿ ಸೊಟ್ಟ. ಒಂದು ಬೋರ್ಡಿನಲ್ಲಿ ತುದಿ ಕುಸಿದಿರುತ್ತದೆ, ಇನ್ನೊಂದರಲ್ಲಿ ಬಣ್ಣ ಸೋರಿರುತ್ತದೆ. ಓದಲು ಬಾರದವರೂ ಬೋರ್ಡಿನ ಬಲತುದಿ ನೋಡಿ ಇದು ಇಂಥವರ ಕೈ ಎಂದು ಹೇಳುತ್ತಾರೆ. ಸಿರಾಜುದ್ದೀನ ಏಣಿಗೆ ಅಂಜಿದ್ದೂ ಇಲ್ಲಿ ಉಪಯೋಗಕ್ಕೆ ಬಂತು. ಆಳೆತ್ತರದ ಬೋರ್ಡಿಗೆ ಮುದುಕಿಯರ ಕೈಯೂ ಎಟುಕುತ್ತಿತ್ತು.

ನಲವತ್ತು ವರ್ಷ ಪಾಲಿಸಿದ ಮಾತನ್ನು ಅವನು ಮುರಿದದ್ದು ಒಂದೇ ಸಲ. ಏಳು ವರ್ಷದ ಹಿಂದೆ ಸೇಡಂನ ಭಾಗ್ಯಶ್ರೀ ಎಂಬ ಹುಡುಗಿ ದೊಡ್ಡ ದೊಡ್ಡ ಹಾಳೆ ತಂದು, ಚಾಚಾ, ನಿಮ್ಮ ಅಕ್ಷರಗಳನ್ನೆಲ್ಲ ಬರೆದುಕೊಡಿ, ಕಂಪ್ಯೂಟರಿಗೆ ಹಾಕುತ್ತೇನೆ ಎಂದಳು. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ಇಪ್ಪತ್ತು ದಿನದ ಕೆಲಸ. ಸಿರಾಜುದ್ದೀನನ ಹೆಂಡತಿ ಹಮೀದಾಬೇಗಂ ಇಪ್ಪತ್ತು ದಿನವೂ ಆ ಹುಡುಗಿಗೆ ಊಟ ಹಾಕಿದಳು. ಕೊನೆಗೆ ಹುಡುಗಿಯೇ ಕೇಳಿದಳು: "ಇದರಾಗ ಬಲಮೀಸಿ ಯಾರು ಎಳೀಬೇಕ್ರಿ, ಚಾಚಾ?"

"ಇದು ಯಾರ ಮನೀಗೆ ಹೋಗ್ತದೋ ಯಾರಿಗ್ ಗೊತ್ತವ್ವ," ಎಂದು ಸಿರಾಜುದ್ದೀನ ನಕ್ಕು ತಾನೇ ಎಳೆದುಬಿಟ್ಟ. ಎಲ್ಲ ಅಕ್ಷರಕ್ಕೂ ಎರಡೂ ಮೀಸೆ. ಅವಳು ಆ ಕಂಪ್ಯೂಟರ್ ಫಾಂಟಿಗೆ 'ಮೀಸೆ' ಎಂದೇ ಹೆಸರಿಟ್ಟು, ಬೇಕಾದವರು ಬಳಸಿರಿ ಎಂದು ಇಂಟರ್ನೆಟ್ಟಿಗೆ ಬಿಟ್ಟಳು. ಚಿಂಚೋಳಿಯ ಲಗ್ನಪತ್ರಿಕೆಯಲ್ಲಿ, ಸೇಡಂನ ಬೇಕರಿಯ ಡಬ್ಬಿಯ ಮೇಲೆ ತನ್ನ ಅಕ್ಷರ ಕಂಡಾಗ ಅವನಿಗೆ ಹೆಮ್ಮೆಯಾಗುತ್ತಿತ್ತು. ಜೊತೆಗೆ, ಹೇಳಲು ಬಾರದ ಒಂದು ಕಸಿವಿಸಿಯೂ ಆಗುತ್ತಿತ್ತು. ಎಲ್ಲ ಕಡೆ ಕೊನೆಯ ಮೀಸೆ ನೆಟ್ಟಗಿರುತ್ತಿತ್ತು. ಯಾರ ಕೈಯೂ ಬಿದ್ದಿರುತ್ತಿರಲಿಲ್ಲ.

ಈಗ ಆ ಯಾರ ಕೈಯೂ ಬೀಳದ ಮಾತು ಅವನ ಕೈಗೇ ಬಂದಿತ್ತು.

ಮನೆಗೆ ಬಂದವನು ಬಾಗಿಲು ಹಾಕಿ ಅಗುಳಿ ಜಡಿದ. ಹಮೀದಾಬೇಗಂ ವಿಷಯ ಕೇಳಿ, ಬ್ರಶ್ಶುಗಳನ್ನು ಜೋಳದ ಡಬ್ಬಿಯ ತಳಕ್ಕೆ ಹಾಕಿ ಮೇಲೆ ಜೋಳ ಸುರಿದಳು. ಪೊಲೀಸರು ಬಂದರೂ ಜೋಳ ಕೆದಕುವುದಿಲ್ಲ ಎಂದು ಅವಳಿಗೆ ಯಾರು ಹೇಳಿದರೋ. ಎರಡು ದಿನ ಸಿರಾಜುದ್ದೀನ ಹೊರಗೆ ಬರಲಿಲ್ಲ. ಊಟಕ್ಕೆ ಕೂತರೆ ರೊಟ್ಟಿ ಮುರಿಯುವ ಬೆರಳುಗಳನ್ನೇ ನೋಡುತ್ತಿದ್ದ, ಐದೂ ಇವೆಯೋ ಎಂದು ಎಣಿಸಿದಂತೆ. ಈ ಕೈ ಹೋದರೆ ತಾನು ಏನು ಎಂದು ಯೋಚಿಸಿದ. ಅವನಿಗೆ ಜಮೀನಿಲ್ಲ, ಬೇರೆ ವಿದ್ಯೆ ಇಲ್ಲ, ಮಾತಿನ ಚಾಲಾಕಿಯಂತೂ ಮೊದಲೇ ಇಲ್ಲ. ಇದ್ದದ್ದು ಆ ಕೈಯೊಂದೇ.

ಚಿಂಚೋಳಿಯ ಮಗಳು ಮುಸರತಳ ಮನೆಗೆ ಹೋಗಿ ಒಂದು ತಿಂಗಳು ಇದ್ದುಬರೋಣ ಎಂದು ಗಂಡಹೆಂಡತಿ ಗಂಟು ಕಟ್ಟಿದ್ದರು. ಚಪ್ಪಲಿ ಮೆಟ್ಟುವ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ಕಲ್ಯಾಣಪ್ಪನ ಮುನೀಮ ಬಸವಲಿಂಗ ನಿಂತಿದ್ದ, ಅವನ ಹಿಂದೆ ಜೀಪು.

"ಸಾವ್ಕಾರ್ರು ಕರದಾರ. ಬ್ರಶ್ ತಗೊಂಡು ಬರ್ರಿ," ಎಂದ.

"ಬ್ರಶ್ ಯಾಕ್ರಿ?"

"ನನಗ ಗೊತ್ತಿಲ್ಲ. ತಗೊಂಡು ಬಾ ಅಂದಾರ."

ಹಮೀದಾಬೇಗಂ ಜೋಳದೊಳಗೆ ಮೊಳಕೈತನಕ ಕೈ ಹಾಕಿ ಬ್ರಶ್ಶು ಹುಡುಕಿ ಕೊಟ್ಟಳು. ಶಹಾಬಾದಿನಿಂದ ವಾಡಿಗೆ ಎಷ್ಟು ದೂರ? ಸಿರಾಜುದ್ದೀನನಿಗೆ ಅವತ್ತು ಅದು ಕಣ್ಣು ಮುಚ್ಚಿ ತೆರೆಯುವಷ್ಟೇ ಇತ್ತು. ದಾರಿಯುದ್ದಕ್ಕೂ ನೆನಪಿದ್ದ ದುವಾಗಳನ್ನೆಲ್ಲ ಹೇಳಿಕೊಂಡ, ಮುಗಿದ ಮೇಲೆ ಮೊದಲಿನಿಂದ ಹೇಳಿಕೊಂಡ.

ಕಲ್ಯಾಣಪ್ಪ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಬಿಳಿ ಅಂಗಿ, ಹಣೆಗೆ ವಿಭೂತಿ. ತೊಡೆಯ ಮೇಲೆ ಆ ಹಳದಿ ಕಾಗದ. ಪಕ್ಕದಲ್ಲಿ ಒಂದರ ಮೇಲೊಂದು ಫರಸಿ ಕಲ್ಲಿನ ಹಾಸು. ಸಿರಾಜುದ್ದೀನನ ಕಣ್ಣು ಮೊದಲು ಹೋದದ್ದು ಆ ಕಲ್ಲುಗಳ ಮೇಲೆ.

"ಕುಂದ್ರಿ, ಸಿರಾಜಮಿಯಾ," ಎಂದ ಕಲ್ಯಾಣಪ್ಪ. ದನಿ ಮೆತ್ತಗಿತ್ತು, ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. "ನಾ ನಿಮಗ ಏನ್ ಮಾಡೀನ್ರಿ? ಯಾಕ ಬರದ್ರಿ ಇದು?"

ಸಿರಾಜುದ್ದೀನ ಕುರ್ಚಿಯಿಲ್ಲದ ಕಡೆ ಕೂರಲು ಹೋಗಿ ನೆಲಕ್ಕೇ ಕೂತ. ಕತ್ತೆತ್ತಿದಾಗ ಕಣ್ಣಿಗೆ ಬಿದ್ದದ್ದು ಬಾಗಿಲ ಪಕ್ಕದ ಗೋಡೆಯ ಬೋರ್ಡು. ಇಪ್ಪತ್ತಾರು ವರ್ಷದ ಹಿಂದೆ ಅವನೇ ಬರೆದದ್ದು: "ಚಂದಮ್ಮ ಫರಸಿ ಪಾಲಿಶ್." ಕಾರ್ಖಾನೆಗೆಲ್ಲ ಹೊಸ ಬಣ್ಣ ಬಳಿದಿದ್ದರು, ಬೋರ್ಡು ಮಾತ್ರ ಹಾಗೇ ಇತ್ತು. ಮಳೆ ಬಿಸಿಲು ತಾಗದಂತೆ ಮೇಲೊಂದು ತಗಡು ಕೂಡ ಹೊಡೆಸಿದ್ದರು. ಕೊನೆಯ ಅಕ್ಷರದ ಬಲಮೀಸೆ ಚೇಳಿನ ಕೊಂಡಿಯ ಹಾಗೆ ತಿರುಚಿಕೊಂಡಿತ್ತು.

ಮಾತು ಬಾರದ ಸಿರಾಜುದ್ದೀನ ಬೆರಳು ತೋರಿಸಿದ. ಮೊದಲು ಕಾಗದದ ಕೊನೆಗೆ, ಆಮೇಲೆ ಬೋರ್ಡಿನ ಕೊನೆಗೆ.

"ಕೊನೀದು ಪೂರಾ ಅದರಿ," ಎಂದ ಅಂತೂ. "ನಾ ಪೂರಾ ಮಾಡಂಗಿಲ್ಲರಿ. ಯಾವತ್ತೂ ಮಾಡಿಲ್ಲರಿ."

ಕಲ್ಯಾಣಪ್ಪ ಕಾಗದ ನೋಡಿದ. ಬೋರ್ಡು ನೋಡಿದ.

"ಅದು ನಮ್ಮವ್ವ ಎಳದದ್ದು," ಎಂದ. "ಕೈಗೆ ಹತ್ತಿದ ಬಣ್ಣ ಅಕಿ ಮೂರು ದಿನ ತೊಳಕೊಳ್ಳಲಿಲ್ಲ. ಮಂದಿಗೆ ತೋರಿಸ್ಕೋತ ತಿರಗ್ಯಾಡಿದ್ಲು." ಆಮೇಲೆ ದನಿ ಮತ್ತೆ ಮೊದಲಿನಂತಾಯಿತು. "ಹಂಗಾದ್ರ ಇದು ಯಾರ್ದು?"

"ಕಂಪ್ಯೂಟರಿಂದರಿ. ಯಾರು ಬೇಕಾದ್ರೂ ಒತ್ತಬಹುದಂತರಿ."

"ಕಂಪ್ಯೂಟರಿನಾಗ ಹಾಕಿದವರು ಯಾರು?"

ಜೀವಮಾನದಲ್ಲಿ ಸಿರಾಜುದ್ದೀನ ಅಷ್ಟು ಹೆದರಿರಲಿಲ್ಲ. ಭಾಗ್ಯಶ್ರೀ ತನ್ನ ಮನೆಯಲ್ಲಿ ಕೂತು ರೊಟ್ಟಿ ತಿಂದದ್ದು ಕಣ್ಣ ಮುಂದೆ ಬಂತು. ಹೆಸರು ಹೇಳಿದರೆ ತಾನು ಪಾರು. ಆ ಹೆಸರು ನಾಲಿಗೆಯ ತುದಿಯ ತನಕ ಬಂದದ್ದು ಖರೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಅದಕ್ಕಿಂತ ಮೊದಲು ಬೇರೆ ಮಾತು ಹೊರಬಿತ್ತು.

"ಯಾರೋ ಪರದೇಶದವರು ಬಂದಿದ್ರು... ನಾನೇ ಬರಕೊಟ್ಟಿದ್ದೆ. ಹೆಸರು ನೆನಪಿಲ್ಲರಿ."

ಕಲ್ಯಾಣಪ್ಪ ಕಾಗದವನ್ನು ನಾಲ್ಕು ಮಡಿಕೆ ಮಾಡಿದ. "ಆಯ್ತು. ನೀವು ಬರದಿಲ್ಲ. ಆದ್ರ ಊರೆಲ್ಲ ನೀವ ಬರದೀರಿ ಅಂತದ. ಹಂಗಿದ್ರ ಉತ್ತರಾನೂ ನೀವ ಬರೀರಿ. ಬಜಾರದ ಗ್ವಾಡಿ ಮ್ಯಾಲ, ಇದೇ ಮೀಸಿ ಅಕ್ಷರದಾಗ. 'ಬೇಲಿ ಮೊದಲೇ ಇತ್ತು.' ಅಷ್ಟ ಸಾಕು."

ವಾಡಿಯ ಬಜಾರದ ಗೋಡೆಗೆ ಸುಣ್ಣ ಬಳಿದು ಸಿದ್ಧ ಮಾಡಿಟ್ಟಿದ್ದರು. ಜನ ಸೇರಿದ್ದರು. ಮಧ್ಯಾಹ್ನದ ಬಿಸಿಲು. ಗುಂಪಿನ ಅಂಚಿನಲ್ಲಿ, ತರಕಾರಿ ಬುಟ್ಟಿ ಮುಂದಿಟ್ಟುಕೊಂಡು ಲಕ್ಷ್ಮಿಯ ತಾಯಿ ಜಗದೇವಿ ಕೂತಿದ್ದಳು. ಯಾರೋ ಅವಳನ್ನು ತೋರಿಸಿ ಪಿಸುಗುಟ್ಟಿದ್ದು ಸಿರಾಜುದ್ದೀನನ ಕಿವಿಗೆ ಬಿತ್ತು. ಆಮೇಲೆ ಅವನು ಆ ಕಡೆ ತಿರುಗಲಿಲ್ಲ.

ಬ್ರಶ್ ಹಿಡಿದರೆ ಕಸುಬಿನವನ ಕೈ ತಾನಾಗಿ ನಿಲ್ಲುತ್ತದೆ ಎನ್ನುವವರುಂಟು. ಸುಳ್ಳು. ಸಿರಾಜುದ್ದೀನನ ಕೈ ಮೊದಲಿನಿಂದ ಕೊನೆಯತನಕ ನಡುಗಿತು. 'ಬೇಲಿ' ಬರೆಯುವಾಗ ಬಣ್ಣ ಎರಡು ಕಡೆ ಸೋರಿತು. 'ಮೊದಲೇ' ಬರೆಯುವಾಗ ಬೆವರು ಕಣ್ಣಿಗಿಳಿಯಿತು. ಬೆನ್ನ ಹಿಂದೆ ಕಲ್ಯಾಣಪ್ಪ ಕೆಮ್ಮಿದಾಗ 'ಇ' ಅಕ್ಷರದ ಮೀಸೆ ಒಂದು ಕಡೆ ಜೋಲುಬಿತ್ತು. ಸಂತೋಷಕ್ಕೆಂದು ಹುಟ್ಟಿದ ಅಕ್ಷರಗಳು ಗೋಡೆಯ ಮೇಲೆ ಪೆಟ್ಟು ತಿಂದವರಂತೆ ನಿಂತವು. ಕೊನೆಯ 'ತ್ತು' ಬರೆದ. ಎಡಮೀಸೆ ಎಳೆದ. ಅಲ್ಲಿಗೆ ಕೈ ನಿಂತಿತು, ನಲವತ್ತು ವರ್ಷ ನಿಂತ ಹಾಗೆ. ತಿರುಗಿ, ತಲೆ ತಗ್ಗಿಸಿ, ಬ್ರಶ್ಶನ್ನು ಎರಡೂ ಕೈಯಿಂದ ಕಲ್ಯಾಣಪ್ಪನ ಮುಂದೆ ಹಿಡಿದ.

ಅದು ಅಭ್ಯಾಸಬಲವೋ, ಬೇಕೆಂದೇ ಮಾಡಿದ್ದೋ? ಆಮೇಲೆ ಎಷ್ಟೋ ಸಲ ಅವನು ತನ್ನನ್ನೇ ಕೇಳಿಕೊಂಡ.

ಕಲ್ಯಾಣಪ್ಪ ಬ್ರಶ್ ತಗೊಂಡ. ತಾಯಿಯ ಮಗ, ಅವನಿಗೆ ರೀತಿ ಗೊತ್ತಿತ್ತು. ಗೋಡೆಯ ಹತ್ತಿರ ಹೋದ. ಕೈ ಎತ್ತಿದ. ಎರಡೂವರೆ ಗೇಣು ದೂರದಲ್ಲಿ ನಿಂತಿದ್ದ ಸಿರಾಜುದ್ದೀನನಿಗೆ ಬ್ರಶ್ಶಿನ ತುದಿ ಕಾಣುತ್ತಿತ್ತು. ಅದು ನಡುಗುತ್ತಿತ್ತು. ತನ್ನ ಕೈಯಲ್ಲಿದ್ದಾಗ ಹೇಗೆ ನಡುಗಿತ್ತೋ ಹಾಗೇ. ಬಣ್ಣದ ಒಂದು ಹನಿ ಕಲ್ಯಾಣಪ್ಪನ ಬಿಳಿ ಅಂಗಿಯ ಮೇಲೆ ಬಿತ್ತು, ಇನ್ನೊಂದು ಬಿತ್ತು. ಅವನು ಎಳೆಯಲಿಲ್ಲ.

"ಬಸವಲಿಂಗ, ನೀ ಎಳಿ," ಎಂದ ಕೊನೆಗೆ.

ಬಸವಲಿಂಗ ಎರಡು ಹೆಜ್ಜೆ ಹಿಂದೆ ಸರಿದ. "ಮಾತು ನಿಮ್ಮದಲ್ರಿ, ಸಾವ್ಕಾರ್ರ. ನಾ ಎಳದ್ರ ಹ್ಯಾಂಗ?"

ಕಲ್ಯಾಣಪ್ಪ ಬ್ರಶ್ಶನ್ನು ಸಿರಾಜುದ್ದೀನನ ಮುಖದ ಮುಂದೆ ಹಿಡಿದ. "ನೀವ ಪೂರಾ ಮಾಡ್ರಿ." ದನಿ ಈಗ ಮೆತ್ತಗಿರಲಿಲ್ಲ.

ಸಿರಾಜುದ್ದೀನ ಬ್ರಶ್ ಹಿಡಿಯಲು ನೋಡಿದ. ಖರೇ ನೋಡಿದ. ಬೆರಳು ಮಡಚಲಿಲ್ಲ. ಬ್ರಶ್ ಜಾರಿ ಕಾಲ ಬಳಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದವನು ಅಲ್ಲೇ ಮೊಳಕಾಲೂರಿದ.

"ಕೈ ಏಳವಲ್ದರಿ," ಎಂದ. "ಅಂಜಿಕಿ ಬಂದದರಿ, ಸಾವ್ಕಾರ್ರ. ಕೈ ಏಳವಲ್ದು."

ಕಲ್ಯಾಣಪ್ಪ ಅವನನ್ನು ನೋಡಿದ, ಸುತ್ತ ನಿಂತ ಜನರನ್ನು ನೋಡಿದ. ಎಲ್ಲರೂ ನೋಡುತ್ತಿದ್ದದ್ದು ಗೋಡೆಯ ಬಲತುದಿಯನ್ನು. ಅವನು ಅಂಗಿಯ ಮೇಲಿನ ಬಣ್ಣವನ್ನು ಒರೆಸಿದ, ಅದು ಇನ್ನಷ್ಟು ಹರಡಿತು. ಆಮೇಲೆ ಜೀಪು ಹತ್ತಿ ಹೋದ. ಅಳಿಸಲೂ ಹೇಳಲಿಲ್ಲ. ಅಳಿಸಿದ್ದರೂ, ಆ ಮಾತು ತನ್ನದೆನ್ನಲು ಅವನಿಂದ ಆಗಲಿಲ್ಲ ಎಂಬ ಅದೇ ಅರ್ಥ ಬರುತ್ತಿತ್ತು.

ಜನ ಚದುರಿದ ಮೇಲೆ ಜಗದೇವಿ ಎದ್ದು ಗೋಡೆಯ ಹತ್ತಿರ ಬಂದಳು. ಅವಳಿಗೆ ಓದು ಬಾರದು.

"ಕೊನೀದು ಯಾರು ಎಳದಾರೋ, ಯಣ್ಣಾ?" ಎಂದು ಕೇಳಿದಳು.

"ಯಾರೂ ಎಳದಿಲ್ಲವ್ವ."

ಅವಳು ಮೀಸೆ ಇರಬೇಕಾಗಿದ್ದ ಕಡೆ, ಬರೀ ಸುಣ್ಣದ ಮೇಲೆ, ಅಂಗೈ ಇಟ್ಟಳು. ಆಮೇಲೆ ಬುಟ್ಟಿ ಎತ್ತಿ ತಲೆಯ ಮೇಲಿಟ್ಟುಕೊಂಡು ಹೋದಳು.

ಆ ಗೋಡೆ ಇವತ್ತಿಗೂ ಹಾಗೇ ಇದೆ. ಕಾಗದ ಹಚ್ಚಿದವರು ಯಾರೆಂದು ಇವತ್ತಿಗೂ ಗೊತ್ತಾಗಿಲ್ಲ. ಸಿರಾಜುದ್ದೀನ ರಸ್ತೆಯಲ್ಲಿ ಜೀಪಿನ ಸದ್ದಾದರೆ ಈಗಲೂ ಬಲಗೈಯನ್ನು ಜೇಬಿನೊಳಗೆ ಇಟ್ಟುಕೊಳ್ಳುತ್ತಾನೆ, ರಾತ್ರಿ ಅದನ್ನು ಮೈಕೆಳಗೆ ಒತ್ತಿಕೊಂಡು ಮಲಗುತ್ತಾನೆ. ಆ ಗೋಡೆ ಬರೆದ ಮರುದಿನ ಚಹಾದಂಗಡಿಯಲ್ಲಿ ಸಿದ್ಧಲಿಂಗ ಮತ್ತೆ, "ಭಾಳ ಧೈರ್ಯ ಮಾಡಿದ್ರಿ, ಚಾಚಾ," ಎಂದ. ಮೂಲೆಯಲ್ಲಿ ಆ ಗುಮಾಸ್ತ ಎಡಗೈಯಲ್ಲಿ ಕಪ್ಪು ಹಿಡಿದು ಇವನನ್ನೇ ನೋಡುತ್ತಿದ್ದ.

"ಧೈರ್ಯ ಅಲ್ಲೋ ತಮ್ಮಾ, ಅಂಜಿಕಿ," ಎಂದ ಸಿರಾಜುದ್ದೀನ. ಗುಮಾಸ್ತ ಎದ್ದು ಬಂದು ಅವನ ಪಕ್ಕದಲ್ಲಿ ಕೂತ.

"ನಾ ಆವತ್ತು ಅರ್ಜಿ ಬರಿಯುವಾಗೂ ಹಂಗ ಆಗಿತ್ತರಿ," ಎಂದ ಅವನು.